ನೀರಿಲ್ಲದೆ ತಿಕ್ಕಿದ ಕಲ್ಲು

ಕಲ್ಲಿನ ಅಂಗಡಿಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ನನ್ನನ್ನು ಹುಡುಕಿಕೊಂಡು ಕೂಡ್ಲಿಗಿಗೆ ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ ಮಾತು, ಮುಕ್ಕಾದ ಕಲ್ಲಿಗೆ ಬಣ್ಣ ಹೇಗೆ ಕೂಡಿಸುತ್ತಿದ್ದಿರಿ ಅಂತ. ಹೇಳಿಕೊಡುತ್ತೇನೆ. ಬಚ್ಚಿಟ್ಟುಕೊಂಡು ನಾನೇನು ಹೊತ್ತುಕೊಂಡು ಹೋಗುವುದಿದೆ? ಆದರೆ ಬಣ್ಣದ ವಿಷಯ ಹೇಳಬೇಕೆಂದರೆ ನನ್ನ ಹೆಂಡತಿ ದುರುಗಮ್ಮನ ವಿಷಯವನ್ನೂ ಹೇಳಬೇಕಾಗುತ್ತದೆ. ಆಕೆ ಹೇಗೆ ಸತ್ತಳು ಎಂಬುದನ್ನು ಬಿಟ್ಟು ಬರೀ ಬಣ್ಣ ಹೇಳಿಕೊಟ್ಟರೆ ಅದು ಅರ್ಧ ವಿದ್ಯೆ. ಅರ್ಧ ವಿದ್ಯೆಯಿಂದಲೇ ನಮ್ಮ ಮನೆ ಹಾಳಾಯಿತು. ಅದಕ್ಕೆ ಎರಡನ್ನೂ ಕೂಡಿಸಿ ಬರೆದಿಡುತ್ತಿದ್ದೇನೆ. ನಾನು ಏಳನೇ ಕ್ಲಾಸು ಓದಿದವನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲು ಕೆಲಸ ಎಂಥದ್ದು ಎಂದು ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಮನೆಗಳಿಗೆ ಗ್ಯಾಸ್ ಒಲೆ ಬರತೊಡಗಿತ್ತು. ಅಲ್ಲಿಯವರೆಗೆ ನೆಲದ ಮೇಲೆ ಕೂತು ಒಲೆ ಊದುತ್ತಿದ್ದ ಹೆಂಗಸರು ಎದ್ದು ನಿಂತರು. ನಿಂತು ಅಡುಗೆ ಮಾಡಲು ಕಟ್ಟೆ ಬೇಕಾಯಿತು, ಕಟ್ಟೆಯ ಮೇಲೆ ಹಾಸಲು ಕಡಪ ಕಲ್ಲು ಬಂತು. ಕರಿ ಕಲ್ಲು, ಎಣ್ಣೆ ಬಟ್ಟೆಯಿಂದ ಒರೆಸಿದರೆ ಮುಖ ಕಾಣುತ್ತದೆ. ಆದರೆ ಕೈಗಳಿಗೆ ನೆಲದ ರೂಢಿ ಹೋಗಿರಲಿಲ್ಲ. ಶೇಂಗಾ ಚಟ್ನಿ ಕುಟ್ಟುವ ಒರಳನ್ನು ಎತ್ತಿ ಕಟ್ಟೆಯ ತುದಿಯಲ್ಲಿ ಇಟ್ಟುಕೊಂಡು, ನೆಲದ ಮೇಲೆ ಕುಟ್ಟಿದ ಹಾಗೆಯೇ ಕುಟ್ಟುತ್ತಿದ್ದರು. ತೆಂಗಿನಕಾಯಿಯನ್ನು ಅಂಚಿಗೇ ಹೊಡೆಯುತ್ತಿದ್ದರು. ಕೆಳಗೆ ಆಸರೆ ಇಲ್ಲದ ಕಲ್ಲು ಎಷ್ಟು ದಿನ ತಡೆದೀತು? ಹೆಬ್ಬೆರಳಷ್ಟು ಚಕ್ಕೆ ಎದ್ದು ಬೀಳುತ್ತಿತ್ತು. ಕಲ್ಲನ್ನೇ ಬದಲಿಸೋಣವೆಂದರೆ ಕೆಳಗಿನ ಗೋಡೆ, ಗಾರೆ ಎಲ್ಲ ಬಿಚ್ಚಬೇಕು. ಬಿಟ್ಟುಬಿಡೋಣವೆಂದರೆ ಒರೆಸುವ ಬಟ್ಟೆಯ ದಾರ ದಿನಾ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪೂಜೆ ಪುನಸ್ಕಾರ ಹೆಚ್ಚಿರುವ ಮನೆಗಳಲ್ಲಂತೂ ಮುಕ್ಕಾದ ಕಲ್ಲಿನ ಮೇಲೆ ದೇವರ ಎಡೆ ಮಾಡುವುದಕ್ಕೆ ಮನಸ್ಸು ಒಪ್ಪುತ್ತಿರಲಿಲ್ಲ. ಆಗ ಮುಕ್ಕು ತುಂಬುವವನನ್ನು ಕರೆಸುತ್ತಿದ್ದರು.

ಈ ಕೆಲಸ ನನಗೆ ಕಲಿಸಿದವರು ಹುಸೇನ್ ಸಾಬ್ ಎಂಬ ಮೇಸ್ತ್ರಿ. ಅವರು ಅರಗು ಕಾಯಿಸಿ, ಅದಕ್ಕೆ ದೀಪದ ಮಸಿ ಬೆರೆಸಿ, ಕಾದ ಕಬ್ಬಿಣದ ಕಡ್ಡಿಯಿಂದ ಮುಕ್ಕಿನೊಳಗೆ ಇಳಿಸುತ್ತಿದ್ದರು. ಆರಿದ ಮೇಲೆ ಸಾಣೆಕಲ್ಲಿನಿಂದ ತಿಕ್ಕುವುದು. ತಿಕ್ಕುವಾಗ ನೀರು ಬೇಕೇ ಬೇಕು. ತಳದಲ್ಲಿ ಸಣ್ಣ ತೂತು ಮಾಡಿದ ಡಬ್ಬಿಯೊಂದನ್ನು ಮೇಲೆ ಕಟ್ಟಿ, ನೀರು ಹನಿ ಹನಿಯಾಗಿ ಕಲ್ಲಿನ ಮೇಲೆ ಬೀಳುವಂತೆ ಮಾಡಿಕೊಂಡೇ ಅವರು ಕೆಲಸಕ್ಕೆ ಕೂಡುತ್ತಿದ್ದರು. ಮನೆಯಲ್ಲಿ ನೀರಿಲ್ಲ ಅಂದರೆ, ನಲ್ಲಿ ಬಂದ ದಿನ ಹೇಳಿ ಕಳಿಸಿ ಎಂದು ವಾಪಸು ಹೊರಡುತ್ತಿದ್ದರು. ಕೊಟ್ಟೂರಿನವರೆಗೆ ಬಸ್ಸಿನಲ್ಲಿ ಹೋಗಿ, ನೀರಿಲ್ಲವೆಂದು ಸುಮ್ಮನೆ ತಿರುಗಿ ಬಂದದ್ದು ಎಷ್ಟು ಸಲವೋ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನೀರು ಯಾಕೆ ಬೇಕೇ ಬೇಕು ಎಂದು ಒಮ್ಮೆ ಕೇಳಿದೆ. ತಮ್ಮ ತಂದೆ ಹೀಗೆ ಮಾಡುತ್ತಿದ್ದರು, ಅದಕ್ಕೆ ತಾವೂ ಮಾಡುವುದು ಅಂದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ. ಕಾರಣ ತಿಳಿಯದ ಪದ್ಧತಿಗೆ ಬೆಲೆ ಕೊಡುವ ವಯಸ್ಸು ನನ್ನದಾಗಿರಲಿಲ್ಲ.

ಅರಗಿನ ಕೆಲಸದ ಒಂದು ಫಜೀತಿ ಹೇಳುತ್ತೇನೆ. ಕೊಟ್ಟೂರಿನ ಒಂದು ಮನೆಯಲ್ಲಿ ಒಲೆಯ ಪಕ್ಕದಲ್ಲೇ ಮುಕ್ಕಾಗಿತ್ತು. ನಾನು ತುಂಬಿ, ತಿಕ್ಕಿ, ಕೊಬ್ಬರಿ ಎಣ್ಣೆ ಸವರಿ ಬಂದೆ. ಮೂರನೆಯ ದಿನ ಹಬ್ಬ. ಆ ಮನೆಯಾಕೆ ಹೋಳಿಗೆ ಸುಟ್ಟು, ಕಾದ ಹಂಚನ್ನು ನಾನು ತುಂಬಿದ ಜಾಗದ ಮೇಲೆಯೇ ಇಳಿಸಿದ್ದಾರೆ. ಎತ್ತುವಾಗ ಅರಗು ಹಂಚಿಗೆ ಅಂಟಿ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಎದ್ದು ಬಂದಿದೆ. ಬೈಸಿಕೊಳ್ಳಲು ಮೇಸ್ತ್ರಿ ತಾವೇ ಹೋದರು, ನನ್ನನ್ನು ಹೊರಗೆ ನಿಲ್ಲಿಸಿ. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಹೇಳಿದರು, ತುಂಬುವ ಮೊದಲು ಬಿಸಿ ಪಾತ್ರೆ ಎಲ್ಲಿ ಇಳಿಸುತ್ತೀರಿ ಎಂದು ಮನೆಯಾಕೆಯನ್ನು ಕೇಳಬೇಕು ಅಂತ. ನೀವೂ ಕೇಳಿ. ಕಲ್ಲು ಹಾಕಿಸಿದ ಗಂಡಸನ್ನು ಕೇಳಬೇಡಿ, ಅವನಿಗೆ ಏನೂ ಗೊತ್ತಿರುವುದಿಲ್ಲ.

ಮಂಡಿ ನೋವು ಬಂದು ಮೇಸ್ತ್ರಿ ಕೆಲಸ ಬಿಟ್ಟರು. ಅಷ್ಟರಲ್ಲಿ ಎರಡು ಡಬ್ಬಿಯ ಅಂಟು ಬಂದಿತ್ತು, ಒಂದಕ್ಕೊಂದು ಕಲಸಿದರೆ ಕಲ್ಲಿನಷ್ಟೇ ಗಟ್ಟಿಯಾಗುವಂಥದ್ದು. ಹಂಚು ಇಟ್ಟರೂ ಹೆದರಿಕೆ ಇಲ್ಲ. ನಾನು ಒಬ್ಬನೇ ಊರೂರು ತಿರುಗತೊಡಗಿದೆ. ಆಗ ಒಂದು ತೊಂದರೆ ಶುರುವಾಯಿತು. ಮೇಸ್ತ್ರಿಗೆ ವಯಸ್ಸಾಗಿತ್ತು, ಯಾರ ಮನೆಯ ಅಡುಗೆಕೋಣೆಗೆ ಹೋದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ನನ್ನಂಥ ಪ್ರಾಯದವನು ಇಡೀ ದಿನ ಅಡುಗೆಮನೆಯಲ್ಲಿ ಕೂತರೆ ಆ ಮನೆಯ ಹೆಂಗಸರು ಏನು ಮಾಡಬೇಕು? ಕೊಟ್ಟೂರಿನ ಒಂದು ವ್ಯಾಪಾರಸ್ಥರ ಮನೆಯಲ್ಲಿ ಅಜ್ಜಿಯೊಬ್ಬರು ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು, ನಾನು ಏಳುವವರೆಗೆ ಏಳಲೇ ಇಲ್ಲ. ಸೊಸೆಯಂದಿರು ಒಳಗೆ ಬರುವ ಹಾಗಿಲ್ಲ, ಅಡುಗೆ ಆಗುವ ಹಾಗಿಲ್ಲ. ಹೊರಡುವಾಗ ಆ ಅಜ್ಜಿಯೇ ಹೇಳಿದರು, ಮುಂದಿನ ಸಲ ಬರುವಾಗ ನಿನ್ನ ಹೆಂಡತಿಯನ್ನು ಕರೆದುಕೊಂಡು ಬಾರಪ್ಪ ಅಂತ.

ದುರುಗಮ್ಮ ನನ್ನ ಅಕ್ಕನ ಮಗಳು. ಅಕ್ಕನನ್ನು ಚಿಗಟೇರಿಗೆ ಕೊಟ್ಟಿದ್ದರು. ಮದುವೆಗೆ ಮೊದಲೂ ನನ್ನನ್ನು ಮಾವ ಅನ್ನುತ್ತಿದ್ದಳು, ಮದುವೆಯಾದ ಮೇಲೂ ಮಾವ ಅಂತಲೇ ಕರೆದಳು. ಕೂಡ್ಲಿಗಿಗೆ ಬಂದು ಎಷ್ಟು ವರ್ಷವಾದರೂ ನಮ್ಮ ಹಾಗೆ ಐತಿ ಅನ್ನದೆ ಐತೆ ಅಂತಲೇ ಅನ್ನುತ್ತಿದ್ದಳು, ನಾನು ಅಣಕಿಸುತ್ತಿದ್ದೆ. ಇದ್ದ ಒಬ್ಬ ಮಗಳನ್ನು ಚಿಗಟೇರಿಯಲ್ಲಿ ಅಕ್ಕನ ಹತ್ತಿರ ಬಿಟ್ಟು ನನ್ನೊಂದಿಗೆ ಹೊರಟಳು. ಮೊದಲ ದಿನ ಆಕೆ ಮಾಡಬೇಕಾದದ್ದು ಸುಮ್ಮನೆ ಕೂಡುವುದಷ್ಟೇ. ಕೂತಳು, ಆ ಮನೆಯ ಹೆಂಗಸರ ಜೊತೆ ಸೇರಿ ಅವರೆಕಾಯಿ ಬಿಡಿಸಿದಳು, ಯಾರಿಗೆ ಎಷ್ಟು ಮಕ್ಕಳು, ಯಾರ ತವರು ಯಾವುದು ಎಲ್ಲ ಕೇಳಿ ತಿಳಿದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ನನ್ನ ಕೈಯಿಂದ ಸಾಣೆಕಲ್ಲು ಕಿತ್ತುಕೊಂಡಳು.

"ನೀನು ಸಿಟ್ಟು ಬಂದೋರಂಗೆ ಒತ್ತಿ ತಿಕ್ತೀಯ ಮಾವ. ಕೊಡು ಇಲ್ಲಿ."

ಅದು ನಿಜ. ನನ್ನ ಕೈ ಒರಟು. ತುಂಬಿದ ಜಾಗ ಇಳಿಯುವುದರೊಳಗೆ ಪಕ್ಕದ ಒಳ್ಳೆಯ ಕಲ್ಲಿಗೂ ಗೀರು ಬೀಳುತ್ತಿತ್ತು. ಆಕೆಯದು ಹಗುರ ಕೈ. ಸ್ವಲ್ಪ ತಿಕ್ಕುವುದು, ಕಣ್ಣು ಮುಚ್ಚಿ ಉಗುರನ್ನು ಅಡ್ಡ ಎಳೆಯುವುದು, ಉಗುರು ಎಲ್ಲಿಯಾದರೂ ತಡೆದರೆ ಮತ್ತೆ ತಿಕ್ಕುವುದು. ಉಗುರು ತಡೆಯದೆ ಜಾರಿದರೆ ಕೆಲಸ ಮುಗಿಯಿತು ಎಂದು ಲೆಕ್ಕ. ಈ ಉಗುರಿನ ಪರೀಕ್ಷೆಯನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಆ ದಿನದಿಂದ ತುಂಬುವುದು ನನ್ನ ಪಾಲಿಗೆ, ತಿಕ್ಕುವುದು ಆಕೆಯ ಪಾಲಿಗೆ ಬಂತು. ಹೀಗೆ ಹಂಚಿಕೊಳ್ಳೋಣ ಎಂದು ನಾವು ಎಂದೂ ಕೂತು ಮಾತಾಡಿದ್ದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಗ್ರಾನೈಟ್ ಬಂತು. ಕಡಪ ಕಲ್ಲಿಗೆ ಮಸಿ ಬೆರೆಸಿದರೆ ಸಾಕಾಗಿತ್ತು. ಗ್ರಾನೈಟ್ ಹಾಗಲ್ಲ, ಅದರಲ್ಲಿ ಕರಿ, ಬೂದು, ಗಾಜಿನಂಥದ್ದು, ಕೆಂಪು ಎಲ್ಲ ಕಾಳುಗಳೂ ಒಟ್ಟಿಗೆ ಇರುತ್ತವೆ. ಹಗರಿಬೊಮ್ಮನಹಳ್ಳಿಯಲ್ಲಿ ಮಾಸ್ತರರೊಬ್ಬರ ಹೊಸ ಮನೆಯಲ್ಲಿ ಬೂದು ಬಣ್ಣದ ಕಲ್ಲು ಹಾಕಿದ್ದರು. ಕುಕ್ಕರ್ ಬಿದ್ದು ಅಂಚು ಹಾರಿತ್ತು. ಅದು ನನ್ನ ಮೊದಲ ಗ್ರಾನೈಟ್. ಮೇಸ್ತ್ರಿ ಕಲಿಸಿದಂತೆ ಕಲ್ಲು ತೊಳೆದು, ಒದ್ದೆಯಿದ್ದಾಗಲೇ ಅದರ ಬಣ್ಣ ನೋಡಿ ಅಂಟು ಕಲಸಿದೆ. ಮರುದಿನ ದುರುಗಮ್ಮ ನೀರು ಬಿಟ್ಟು ತಿಕ್ಕಿದಳು. ಎಲ್ಲಿ ಮುಕ್ಕಿತ್ತು ಎಂದು ನಮಗೇ ಗೊತ್ತಾಗಲಿಲ್ಲ. ಹೆಮ್ಮೆಯಿಂದ ಮನೆಗೆ ಬಂದೆವು. ಎರಡು ದಿನಕ್ಕೆ ಕರೆ ಬಂತು. ಹೋಗಿ ನೋಡಿದರೆ ಕಲ್ಲು ಒಣಗಿ ಬೂದಿಯ ಬಣ್ಣಕ್ಕೆ ತಿರುಗಿದೆ, ನಾನು ತುಂಬಿದ ಜಾಗ ಮಾತ್ರ ಕಪ್ಪಗೆ ಕೂತಿದೆ. ಒದ್ದೆ ಕಲ್ಲು ಯಾವಾಗಲೂ ಗಾಢವಾಗಿ ಕಾಣುತ್ತದೆ ಎಂಬುದು ಸಣ್ಣ ಮಗುವಿಗೂ ಗೊತ್ತು, ನನಗೆ ಹೊಳೆದಿರಲಿಲ್ಲ. ಮಾಸ್ತರರ ಹೆಂಡತಿ ಬೈಯಲಿಲ್ಲ. ಮುಕ್ಕು ಇದ್ದದ್ದೇ ಚೆನ್ನಾಗಿತ್ತಲ್ಲ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಅದನ್ನು ಕೆತ್ತಿ ತೆಗೆದು ಮತ್ತೆ ತುಂಬಿದೆ. ಅವತ್ತು ಒಂದು ಆಣೆ ಮಾಡಿಕೊಂಡೆ, ಇನ್ನು ಮೇಲೆ ಕೆಲಸ ಹಿಡಿದಾಗಿನಿಂದ ಮುಗಿಸುವವರೆಗೆ ಕಲ್ಲಿಗೆ ಒಂದು ಹನಿ ನೀರೂ ಸೋಕಿಸಬಾರದು ಅಂತ. ಎಲ್ಲವೂ ಒಣಗಲ್ಲಿನ ಮೇಲೆ. ಬಣ್ಣ ಕೂಡಿಸುವ ಗುಟ್ಟು ಎಂದು ನೀವು ಕೇಳುತ್ತೀರಲ್ಲ, ಅದು ಇಷ್ಟೇ. ಅದೇ ಕಲ್ಲಿನ ಚೂರು ಸಿಕ್ಕರೆ ಕುಟ್ಟಿ, ತೆಳ್ಳನೆ ಬಟ್ಟೆಯಲ್ಲಿ ಜರಡಿ ಹಿಡಿದು, ಕಾಳುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡಿ. ಅಂಟು ಕಡಿಮೆ, ಕಾಳು ಹೆಚ್ಚು ಇರಲಿ. ಕಲಸಿದ್ದನ್ನು ಮೊದಲು ಒಂದು ಚೂರಿನ ಮೇಲೆ ಹಚ್ಚಿ, ಆರಿದ ಮೇಲೆ ಬಿಸಿಲಿಗೆ ಹಿಡಿದು ಮೂರು ಹೆಜ್ಜೆ ದೂರದಿಂದ ನೋಡಿ. ಹತ್ತಿರದಿಂದ ನೋಡಿದರೆ ಕಣ್ಣು ಮೋಸ ಮಾಡುತ್ತದೆ. ಕಲ್ಲಿನ ಮಟ್ಟಕ್ಕಿಂತ ಒಂದು ನೂಲಿನಷ್ಟು ಎತ್ತರಕ್ಕೆ ತುಂಬಿ, ಒಂದು ದಿನ ಬಿಡಿ.

ನನ್ನ ಹೆಸರು ಹಬ್ಬಿತು. ನೀರು ಬಳಸದೆ ಕೆಲಸ ಮಾಡುತ್ತಾನೆ ಎಂಬುದೇ ದೊಡ್ಡ ಗುಣವಾಯಿತು. ಆಗ ನಮ್ಮ ಕಡೆ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ವಾರಕ್ಕೊಮ್ಮೆ. ಹಿಡಿದಿಟ್ಟ ನೀರನ್ನು ಕಲ್ಲು ತಿಕ್ಕಲು ಯಾರು ಕೊಡುತ್ತಾರೆ? ಮಡಿಯ ಮನೆಗಳಲ್ಲಂತೂ ಅಡುಗೆಯ ನೀರಿನ ಕೊಡವನ್ನು ನಾವು ಮುಟ್ಟುವ ಹಾಗೂ ಇರಲಿಲ್ಲ. ನೀರಿಲ್ಲದೆ ಮಾಡುತ್ತೇನೆ ಅಂದರೆ ಎಲ್ಲರಿಗೂ ಸಮಾಧಾನ. ಅದೇ ಸುಮಾರಿಗೆ ಕೈಯಲ್ಲಿ ಹಿಡಿಯುವ ತಿಕ್ಕುವ ಮಷೀನು ತಂದೆ. ಸಾಣೆಕಲ್ಲಿನಲ್ಲಿ ಇಡೀ ದಿನ ಹಿಡಿಯುತ್ತಿದ್ದ ಕೆಲಸ ಒಂದು ತಾಸಿಗೆ ಇಳಿಯಿತು. ಮೊದಲು ನಾನೇ ಹಿಡಿದೆ. ಹಡಗಲಿಯ ಒಂದು ಮನೆಯಲ್ಲಿ ನನ್ನ ಒರಟು ಕೈಗೆ ಮಷೀನು ಕಲ್ಲನ್ನೇ ಕಚ್ಚಿ ಬೆರಳು ಹೂಳುವಷ್ಟು ತಗ್ಗು ಮಾಡಿತು. ದುರುಗಮ್ಮ ಅದನ್ನೂ ನನ್ನ ಕೈಯಿಂದ ತೆಗೆದುಕೊಂಡಳು.

ಮಷೀನು ಒಣಗಲ್ಲಿನ ಮೇಲೆ ಓಡಿದರೆ ಧೂಳು ಹೇಗೆ ಏಳುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ಹಿಟ್ಟಿನಷ್ಟು ಸಣ್ಣ ಧೂಳು. ಅದು ನಡುಮನೆಗೆ, ದೇವರ ಕೋಣೆಗೆ ಹೋಗಬಾರದೆಂದು ಮನೆಯವರು ಕಿಟಕಿ ಮುಚ್ಚಿ, ಬಾಗಿಲಿಗೆ ಚಾದರ ಕಟ್ಟುತ್ತಿದ್ದರು. ಒಳಗೆ ದುರುಗಮ್ಮ ಒಬ್ಬಳೇ, ಮೂಗು ಬಾಯಿಗೆ ಸೆರಗು ಸುತ್ತಿಕೊಂಡು. ನಾನು ಹಿತ್ತಿಲ ಬಿಸಿಲಿನಲ್ಲಿ ಕಾಳುಗಳ ಡಬ್ಬಿ ಹರಡಿಕೊಂಡು ಮುಂದಿನ ಮನೆಯ ಬಣ್ಣ ಕೂಡಿಸುತ್ತಾ ಕೂತಿರುತ್ತಿದ್ದೆ. ಮನೆಯವರು ನನಗೆ ಚಹಾ ತಂದುಕೊಡುತ್ತಿದ್ದರು. ಕೆಲಸ ಮುಗಿಸಿ ಚಾದರ ಸರಿಸಿ ಆಕೆ ಹೊರಗೆ ಬಂದರೆ ಹುಬ್ಬು, ರೆಪ್ಪೆ, ತಲೆಗೂದಲು ಎಲ್ಲ ಬೆಳ್ಳಗೆ. ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹಿಟ್ಟಿನ ಗಿರಣಿಯಿಂದ ಬಂದಳು ನೋಡಿ ಎಂದು ನಾನೇ ಎಲ್ಲರಿಗೂ ತೋರಿಸುತ್ತಿದ್ದೆ. ಒಂದಲ್ಲ ಎರಡಲ್ಲ, ಏಳೆಂಟು ವರ್ಷ ನಾನು ಹಾಗೆ ನಕ್ಕೆ.

ಹಡಗಲಿಯ ಇನ್ನೊಂದು ಮನೆಯ ನೆನಪು ಆಕೆಗೆ ಬಹಳ ಇಷ್ಟವಾಗಿತ್ತು. ಮಲ್ಲಿಗೆ ತೋಟದವರ ಮನೆ. ಹೊಸ ಸೊಸೆ ರುಬ್ಬುವ ಗುಂಡುಕಲ್ಲನ್ನು ಕೈತಪ್ಪಿಸಿ ಕಟ್ಟೆಯ ಅಂಚು ಹಾರಿಸಿದ್ದಳು. ಅತ್ತೆ ತಮ್ಮ ತವರಿಗೆ ಹೋಗಿದ್ದರು, ನಾಳಿದ್ದು ಬರುವವರಿದ್ದರು. ಆ ಹುಡುಗಿ ಅಳುತ್ತಾ ಹೇಳಿಕಳಿಸಿದಳು. ಅಂಟು ಆರಲು ಬಿಡುವು ಸಾಲದು, ಒಲೆಯ ಶಾಖ ತಾಗಿಸಿ ಆರಿಸಿದೆ. ದುರುಗಮ್ಮ ತಿಕ್ಕಿ ಮುಗಿಸಿ, ಆ ಹುಡುಗಿಯ ಜೊತೆ ಸೇರಿ ಡಬ್ಬಿಗಳ ಮೇಲಿನ ಧೂಳನ್ನೆಲ್ಲ ಒರೆಸಿಕೊಟ್ಟಳು. ನಾವು ಸಾಮಾನು ಕಟ್ಟುತ್ತಿದ್ದಾಗಲೇ ಅತ್ತೆ ಬಂದುಬಿಟ್ಟರು. ನೇರ ಕಟ್ಟೆಯ ಹತ್ತಿರ ಹೋಗಿ ಕೈಯಾಡಿಸಿ, ಈ ಮೂಲೆಯನ್ನು ಇಷ್ಟು ಚೆನ್ನಾಗಿ ಯಾವಾಗ ತಿಕ್ಕಿದೆ, ಉಳಿದದ್ದನ್ನೂ ಹೀಗೇ ಇಟ್ಟರೆ ಏನಾಗುತ್ತದೆ ಎಂದು ಸೊಸೆಯನ್ನು ಕೇಳಿದರು. ನಾವು ಯಾಕೆ ಬಂದಿದ್ದೆವು ಎಂದು ಕೇಳಲಿಲ್ಲ. ಗೊತ್ತಾಗಿದ್ದರೂ ಗೊತ್ತಾಗದವರ ಹಾಗೆ ಇದ್ದರು ಎಂದು ದುರುಗಮ್ಮ ಆಮೇಲೆ ಹೇಳುತ್ತಿದ್ದಳು. ಹೊರಡುವಾಗ ಆ ಹುಡುಗಿ ಬೊಗಸೆ ತುಂಬ ಮಲ್ಲಿಗೆ ಮೊಗ್ಗು ತಂದು ಆಕೆಯ ಉಡಿಗೆ ಹಾಕಿದಳು. ಬಸ್ ಸ್ಟ್ಯಾಂಡಿನಲ್ಲಿ ಕೂತು ಅದನ್ನು ಮೂಸಿ ನೋಡಿ, ವಾಸನೆಯೇ ಬರುತ್ತಿಲ್ಲ, ಇದು ಬೇರೆ ಜಾತಿಯ ಮಲ್ಲಿಗೆ ಇರಬೇಕು ಅಂದಳು. ನನ್ನ ಮೂಗಿಗೆ ಗಮ್ಮೆಂದು ಬರುತ್ತಿತ್ತು. ನೆಗಡಿಯಾಗಿರಬೇಕು ಅಂದೆ.

ಆಮೇಲೆ ಕೆಮ್ಮು. ಒಣ ಕೆಮ್ಮು, ಬಿಡದ ಕೆಮ್ಮು. ಕಾನಹೊಸಹಳ್ಳಿಯಲ್ಲಿ ಸೂಜಿ ಹಾಕಿಸಿದೆ, ಕಷಾಯ ಕುಡಿಸಿದೆ. ಮೈಯಿಳಿದು ರವಿಕೆ ಸಡಿಲವಾಯಿತು. ಬಾವಿಯಿಂದ ಒಂದು ಕೊಡ ನೀರು ತಂದರೆ ಜಗಲಿಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಕೊನೆಗೆ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎದೆಯ ಫೋಟೋ ತೆಗೆದರು. ಡಾಕ್ಟರು ಒಳ್ಳೆಯವರೇ, ಅವರ ಮೇಲೆ ನನ್ನದೇನೂ ದೂರಿಲ್ಲ. ಫೋಟೋದಲ್ಲಿ ಎರಡೂ ಕಡೆ ಕಲೆ ಇದೆ ಎಂದು ಹೇಳಿ, ಚೀಟಿ ಬರೆಯುತ್ತಾ, ನನ್ನ ಕಡೆ ತಿರುಗಿ, ಈಕೆ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದರು.

"ಏನಿಲ್ರಿ, ಮನ್ಯಾಗ ಇರ್ತಾಳ್ರಿ" ಅಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಹೊತ್ತಿನಲ್ಲಿ ನನಗೆ ಅದೇ ನಿಜವಾಗಿತ್ತು. ನನ್ನ ಕೆಲಸ ಏನೆಂದು ಕೇಳಿದ್ದರೆ ಕಲ್ಲಿನ ಕೆಲಸ ಅನ್ನುತ್ತಿದ್ದೆ. ಆಕೆಯದು ಅಡುಗೆ, ಮನೆ. ಹಿಂದಿನ ದಿನವಷ್ಟೇ ಕೊಟ್ಟೂರಿನಲ್ಲಿ ಚಾದರದ ಹಿಂದೆ ಎರಡು ತಾಸು ಮಷೀನು ಹಿಡಿದು ಬಂದಿದ್ದಳು. ಅದು ನನ್ನ ಬಾಯಿಗೆ ಬರಲಿಲ್ಲ, ತಲೆಗೂ ಬರಲಿಲ್ಲ. ಆಕೆ ಒಮ್ಮೆ ನನ್ನ ಮುಖ ನೋಡಿ, ಸೆರಗು ಸರಿಮಾಡಿಕೊಂಡಳು. ಡಾಕ್ಟರು ಮನೆಯಲ್ಲಿ ಸೌದೆ ಒಲೆಯೇ ಎಂದು ಕೇಳಿದರು. ಹೌದು ಅಂದೆ. ಊರವರ ಗ್ಯಾಸ್ ಕಟ್ಟೆಗಳನ್ನೆಲ್ಲ ರಿಪೇರಿ ಮಾಡಿದ ನಮ್ಮ ಮನೆಯಲ್ಲಿ ಸೌದೆ ಒಲೆಯೇ ಇತ್ತು. ಹೊಗೆಯಿಂದ ದೂರ ಇರಲಿ, ಕ್ಷಯದ ಮಾತ್ರೆ ಆರು ತಿಂಗಳು ತಪ್ಪದೆ ನುಂಗಲಿ ಅಂದರು.

ನಾನು ಹೇಳಿದ್ದನ್ನು ಕೇಳುವ ಮನುಷ್ಯ. ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಹೊಗೆ ಬೇಡವೆಂದು ಗ್ಯಾಸ್ ಒಲೆ ತಂದೆ, ನಮ್ಮ ಮನೆಗೂ ಒಂದು ಕಟ್ಟೆ ಕಟ್ಟಿ ಕಲ್ಲು ಹಾಸಿದೆ. ಆಕೆಗೆ ಬಹಳ ಸಂತೋಷವಾಯಿತು. ಮೈ ಹಗುರ ಅನಿಸಿದ ದಿನ ಎಂದಿನಂತೆ ನನ್ನ ಜೊತೆ ಹೊರಡುತ್ತಿದ್ದಳು, ನಾನು ಬೇಡ ಅನ್ನಲಿಲ್ಲ. ಆರು ತಿಂಗಳಿಗೆ ಕೆಮ್ಮು ಹೋಗಲಿಲ್ಲ ಎಂದು ಮತ್ತೆ ಎಂಟು ತಿಂಗಳು ಮಾತ್ರೆ ಕೊಟ್ಟರು. ಆ ಎಂಟು ತಿಂಗಳಲ್ಲೂ ಆಕೆ ತಿಕ್ಕಿದಳು.

ಕೊನೆಯದು ಹರಪನಹಳ್ಳಿಯ ಒಂದು ಮದುವೆ ಮಂಟಪ. ದೊಡ್ಡ ಅಡುಗೆಮನೆ, ಉದ್ದನೆಯ ಕಟ್ಟೆ, ಕಡಾಯಿಗಳನ್ನು ಎಳೆದೆಳೆದು ಅಂಚೆಲ್ಲ ಹಲ್ಲು ಬಿಟ್ಟಿತ್ತು. ಅಲ್ಲಿಯ ಗುತ್ತಿಗೆದಾರ ಮದುವೆ ಹತ್ತಿರ ಬಂತೆಂದು ನನ್ನ ತಲೆ ತಿನ್ನುತ್ತಿದ್ದ. ದುರುಗಮ್ಮ ಎಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಕಡೆ ಕೂತಳು. ಅವನ ಮೇಲಿನ ಸಿಟ್ಟನ್ನು ನಾನು ಆಕೆಯ ಮೇಲೆ ತೀರಿಸಿಕೊಂಡೆ. ಕೂಡುವುದಕ್ಕೇ ಬಂದಿದ್ದರೆ ಮನೆಯಲ್ಲೇ ಇರಬೇಕಿತ್ತು ಅಂದೆ. ಆಕೆ ಎದ್ದು ಹೋಗಿ ಮಷೀನು ಹಿಡಿದಳು. ಮೂರು ದಿನದ ಕೆಲಸವನ್ನು ಎರಡೂವರೆ ದಿನಕ್ಕೆ ಮುಗಿಸಿಕೊಟ್ಟಳು. ನಾನು ಯಾರ ಹತ್ತಿರವೂ ಇದನ್ನು ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ಅಲ್ಲಿಂದ ಬಂದವಳು ಹಾಸಿಗೆ ಹಿಡಿದಳು. ಅಕ್ಕ ಚಿಗಟೇರಿಯಿಂದ ಬಂದು ಮಗಳ ಸ್ಥಿತಿ ನೋಡಿ, ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು ಎಂದು ಹಟ ಹಿಡಿದಳು. ಹೋದೆವು. ಅಲ್ಲಿ ಸೇರಿಸಿಕೊಳ್ಳುವ ಮೊದಲು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದರು. ದುರುಗಮ್ಮ ಓದಿದವಳಲ್ಲ. ಒತ್ತಿದರೆ ಬರೀ ನೀಲಿ ಚುಕ್ಕೆ ಬಿತ್ತು, ಒಂದು ಗೆರೆಯೂ ಮೂಡಲಿಲ್ಲ. ನರ್ಸು ಬೆರಳು ಒರೆಸಿ ಮತ್ತೆ ಒತ್ತಿಸಿದಳು, ಮತ್ತೆ ಹಾಗೆಯೇ. ಇನ್ನೊಂದು ಕೈಯದೂ ಹಾಗೆಯೇ. ಪಕ್ಕದಲ್ಲಿದ್ದ ಲೇಡಿ ಡಾಕ್ಟರು ಅದನ್ನು ನೋಡಿ ಎದ್ದು ಬಂದು, ಆಕೆಯ ಎರಡೂ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ಬೆರಳ ತುದಿಗಳೆಲ್ಲ ನುಣ್ಣಗೆ, ಗೆರೆಗಳೇ ಇರಲಿಲ್ಲ. ಇಷ್ಟು ವರ್ಷ ಜೊತೆಗಿದ್ದು ನಾನು ಅದನ್ನು ನೋಡಿರಲಿಲ್ಲ.

ಏನು ಕೆಲಸ ಮಾಡುತ್ತೀಯಮ್ಮ ಎಂದು ಅವರು ಕೇಳಿದರು. ನಾನು ಬಾಯಿ ತೆರೆದೆ. ಅವರು ನನಗೆ ಕೈ ತೋರಿಸಿ ತಡೆದರು.

"ಕಲ್ಲು ತಿಕ್ತೀನ್ರಿ" ಅಂದಳು ದುರುಗಮ್ಮ. "ಅಡಿಗೆ ಕಟ್ಟೆ ಕಲ್ಲು. ಹತ್ತು ವರ್ಷ ಆತ್ರಿ."

ನೀರು ಹಾಕಿ ತಿಕ್ಕುವುದೋ, ಒಣಗಿದ್ದೋ ಎಂದು ಕೇಳಿದರು.

"ಒಣಾದ್ರಿ. ನೀರು ಹಾಕಿದ್ರೆ ಬಣ್ಣ ತಿಳಿಯಂಗಿಲ್ರಿ."

ನನ್ನ ಆಣೆಯನ್ನು ಆಕೆ ಅಷ್ಟು ಅಭಿಮಾನದಿಂದ ಹೇಳಿದಳು. ಡಾಕ್ಟರು ಹೊಸದಾಗಿ ಫೋಟೋ ತೆಗೆಸಿ, ಹಳೆಯದನ್ನೂ ಪಕ್ಕದಲ್ಲಿಟ್ಟು ನೋಡಿ, ನನ್ನನ್ನು ಒಬ್ಬನನ್ನೇ ಕರೆದು ಹೇಳಿದರು. ಇದು ಕ್ಷಯವಲ್ಲ, ಕಲ್ಲಿನ ಧೂಳು ಎದೆಯೊಳಗೆ ಕೂತು ಗಟ್ಟಿಯಾಗಿದೆ. ಇದಕ್ಕೆ ಮಾತ್ರೆ ಇಲ್ಲ. ಈಗಾಗಲೇ ಹೋದ ಭಾಗ ವಾಪಸು ಬರುವುದಿಲ್ಲ. ಮೊದಲ ಸಲ ಆಸ್ಪತ್ರೆಗೆ ಹೋದಾಗ ಕೆಲಸ ಏನೆಂದು ತಿಳಿದಿದ್ದರೆ ಅವತ್ತೇ ಬಿಡಿಸಿರುತ್ತಿದ್ದರು, ಉಳಿದ ಭಾಗ ಇನ್ನೂ ಕೆಲವು ವರ್ಷ ಬರುತ್ತಿತ್ತು ಅಂದರು. ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದರು.

ನೀವು ಕೇಳಿದ ಬಣ್ಣದ ವಿದ್ಯೆಯ ಉಳಿದ ಅರ್ಧ ಇಲ್ಲಿದೆ. ಬಣ್ಣ ನೋಡುವುದು ಮತ್ತು ತುಂಬುವುದು ಒಣಗಲ್ಲಿನ ಮೇಲೆ. ತಿಕ್ಕುವುದು ನೀರಿನಲ್ಲಿ. ಅಂಟು ಆರಿ ಗಟ್ಟಿಯಾದ ಮೇಲೆ ನೀರು ಬಿದ್ದರೆ ಬಣ್ಣಕ್ಕೆ ಏನೂ ಆಗುವುದಿಲ್ಲ. ಮಾಸ್ತರರ ಮನೆಯಲ್ಲಿ ನಾನು ತಪ್ಪಿದ್ದು ಬಣ್ಣ ಕಲಸುವಾಗ, ಆಕೆ ನೀರಿನಲ್ಲಿ ತಿಕ್ಕಿದ್ದರಲ್ಲಿ ತಪ್ಪಿರಲಿಲ್ಲ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ನೀರನ್ನೇ ಬಿಟ್ಟೆ. ಇದು ಹೊಳೆಯುವುದಕ್ಕೆ ನನಗೆ ಹತ್ತು ವರ್ಷ ಬೇಕಾಯಿತು, ಅದೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ. ಈಗ ನೀರಿನ ಪೈಪು ಇರುವ ಮಷೀನುಗಳು ಬಂದಿವೆ, ಅವನ್ನೇ ತನ್ನಿ. ಅದು ಇಲ್ಲದಿದ್ದರೆ ಡಬ್ಬಿಗೆ ತೂತು ಮಾಡಿ ಕೈಯಿಂದ ತಿಕ್ಕಿ. ನೀರಿಲ್ಲದ ಮನೆಯಾದರೆ ಎದ್ದು ಬನ್ನಿ, ಹುಸೇನ್ ಸಾಬ್ ಮೇಸ್ತ್ರಿಯ ಹಾಗೆ. ಯಾರು ಬೈದರೂ ಬೈಯಲಿ. ಮತ್ತೆ, ನಿಮ್ಮ ಮನೆಯ ಹೆಂಗಸರನ್ನು ಜೊತೆಗೆ ಕರೆದುಕೊಂಡು ಹೋಗುವವರು ನಿಮ್ಮಲ್ಲೂ ಇದ್ದೀರಿ. ಡಾಕ್ಟರು ಕೇಳಿದರೆ ಅವರ ಕೆಲಸವನ್ನು ಅವರ ಬಾಯಿಂದಲೇ ಹೇಳಿಸಿ.

ನಾನು ಆಮೇಲೂ ಕೆಲವು ವರ್ಷ ಕೆಲಸ ಮಾಡಿದೆ. ನೀರು ಬಿಟ್ಟುಕೊಂಡು ನಾನೇ ತಿಕ್ಕಿದೆ. ನನ್ನ ಕೆಲಸದಲ್ಲಿ ಉಗುರು ತಡೆಯುತ್ತಿತ್ತು, ಮನೆಯವರು ಏನೂ ಅನ್ನುತ್ತಿರಲಿಲ್ಲ. ಕೈ ನಡುಗತೊಡಗಿದ ಮೇಲೆ ಬಿಟ್ಟೆ.

ದುರುಗಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಏಳು ತಿಂಗಳು ಇದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಮುಂದಕ್ಕೆ ಬಾಗಿ ದಿಂಬು ತಬ್ಬಿಕೊಂಡು ಕೂತೇ ಇರುತ್ತಿದ್ದಳು. ಅಕ್ಕ ಅಡುಗೆ ನೋಡಿಕೊಂಡಳು. ಹೋಗುವ ನಾಲ್ಕು ದಿನ ಮೊದಲು, ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಅವತ್ತು ನಾನು ಹಾಗೆ ಹೇಳಬಾರದಿತ್ತು, ತಪ್ಪಾಯಿತು ಅಂದೆ. ಯಾವತ್ತು ಎಂದು ಆಕೆ ಕೇಳಲಿಲ್ಲ. ಬಟ್ಟಲು ಸರಿಸಿ, ದಿಂಬಿನ ಮೇಲೆ ಗಲ್ಲ ಊರಿ ಹೇಳಿದಳು.

"ನನಗೇನು ಸಿಟ್ಟಿಲ್ಲ ಮಾವ. ನಾನೂ ಅದನ್ನ ಕೆಲ್ಸ ಅನ್ಕಂಡಿರ್ಲಿಲ್ಲ. ನಿನ್ನ ಜೊತೆ ಬರೋದು ಅಂತ ಅನ್ಕಂಡಿದ್ದೆ."

ಇಷ್ಟು ಹೇಳಲು ಆಕೆ ಮೂರು ಸಲ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು.